‘ವಿಚ್’ ಅಂದರೆ ಮಾಟಗಾತಿಯೇ? ವಿಕ್ಕಾ ಪುಸ್ತಕಗಳ ಕೆಲವು ಪದಗಳು

ಗೆಳೆಯರೇ, ನಮಸ್ಕಾರ.

ಇಂಗ್ಲೆಂಡಿನಲ್ಲಿ ಶುರುವಾದ, ಅನುಸರಿಸುವವರು ತಮ್ಮನ್ನು ‘ವಿಚ್’ ಎಂದು ಕರೆದುಕೊಳ್ಳುವ ‘ವಿಕ್ಕಾ’ ಎಂಬ ಧರ್ಮದ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರುವ ಮುಖ್ಯ ಪುಸ್ತಕಗಳನ್ನು ಪರಿಚಯಿಸುವ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಿಗೇ ಪದ ಸಿಗುತ್ತಿಲ್ಲ. ವಿಕ್ಕಾವನ್ನು ಹೊರಜಗತ್ತಿಗೆ ಪರಿಚಯಿಸಿದ ಜೆರಾಲ್ಡ್ ಗಾರ್ಡ್ನರ್ 1954ರಲ್ಲಿ ತಂದ ‘ವಿಚ್‌ಕ್ರಾಫ್ಟ್ ಟುಡೇ’ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಗೆ ಹೇಳುವುದು? ‘ಇಂದಿನ ಮಾಟ’ ಅನ್ನಲೇ, ‘ಇಂದಿನ ವಾಮಾಚಾರ’ ಅನ್ನಲೇ? ಎರಡೂ ಸಲ್ಲ ಅಂತ ನನಗೆ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ, ಒಪ್ಪದಿದ್ದರೆ ತಿಳಿಸಿ.

ಗಾರ್ಡ್ನರ್ ಸಿಲೋನ್ ಮತ್ತು ಬೋರ್ನಿಯೊದ ತೋಟಗಳಲ್ಲಿ ದುಡಿದವರು. ಆಮೇಲೆ ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದು, 1936ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಕಡೆಯ ವಿಚ್‌ಗಳ ಒಂದು ಗುಂಪು 1939ರಲ್ಲಿ ತಮಗೆ ದೀಕ್ಷೆ ಕೊಟ್ಟಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅಲ್ಲಿನ 1735ರ ವಿಚ್‌ಕ್ರಾಫ್ಟ್ ಕಾಯ್ದೆ ರದ್ದಾಗಿದ್ದು 1951ರಲ್ಲಿ. ಅದಾದ ಮೇಲೆಯೇ ಅವರು ಈ ವಿಷಯವನ್ನು ಬಿಚ್ಚಿ ಬರೆದದ್ದು. ವಿಕ್ಕಾ ಕ್ರೈಸ್ತಪೂರ್ವ ಧರ್ಮದ ಉಳಿದ ಎಳೆ ಎಂಬುದು ಅವರ ವಾದ. ಇತಿಹಾಸ ಬಲ್ಲವರು ಇದನ್ನು ಒಪ್ಪುವುದಿಲ್ಲ. ರೊನಾಲ್ಡ್ ಹಟನ್ 1999ರ ‘ದಿ ಟ್ರಯಂಫ್ ಆಫ್ ದಿ ಮೂನ್’ನಲ್ಲಿ ಇದು 20ನೇ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡ ಹೊಸ ಧರ್ಮ ಎಂದು ವಿವರವಾಗಿ ತೋರಿಸಿದ್ದಾರೆ. ಹಾಗಾಗಿ ನಾವು ಪದ ಹುಡುಕುತ್ತಿರುವುದು ಒಂದು ಧರ್ಮಕ್ಕೆ. ದೇವಿ ಇದ್ದಾಳೆ, ಕೊಂಬಿನ ದೇವರು ಇದ್ದಾನೆ, ವರ್ಷಕ್ಕೆ 8 ಹಬ್ಬಗಳಿವೆ.

ಈಗ ‘ಮಾಟ’ಕ್ಕೆ ಬರೋಣ. ಆಡು-ಆಟ, ಓಡು-ಓಟ, ನೋಡು-ನೋಟ ಇದ್ದ ಹಾಗೆ ಮಾಡು-ಮಾಟ. ಮೂಲದಲ್ಲಿ ಇದು ಬರೀ ‘ಮಾಡುವಿಕೆ’. ಚೆಲುವು, ಅಚ್ಚುಕಟ್ಟು ಎಂಬ ಅರ್ಥವೂ ಇದೆ. ‘ಮಾಟವಾದ ಮೈಕಟ್ಟು’ ಅಂತ ಈಗಲೂ ಅನ್ನುತ್ತೇವಲ್ಲ. ಬೇರು ನೋಡಿದರೆ ‘ಕ್ರಾಫ್ಟ್’ಗೆ ಇಷ್ಟು ಹತ್ತಿರದ ಪದ ಇನ್ನೊಂದಿಲ್ಲ. ಆದರೆ ಬಳಕೆ ಬೇರೆ ದಾರಿ ಹಿಡಿದಿದೆ. ಜನ ಹೇಗೆ ಆಡುತ್ತಾರೆ ಗಮನಿಸಿ: ‘ಅವರಿಗೆ ಯಾರೋ ಮಾಟ ಮಾಡಿಸಿದ್ದಾರೆ.’ ಯಾರಿಗೆ ಎಂಬುದು ಬರಲೇಬೇಕು. ‘ಮಾಡಿಸು’ ಕೂಡ ಬರುತ್ತದೆ. ಅಂದರೆ ದುಡ್ಡು ಕೊಟ್ಟು ಇನ್ನೊಬ್ಬರ ಕೈಯಿಂದ ಮತ್ತೊಬ್ಬರ ಮೇಲೆ ಮಾಡಿಸುವ ಕೇಡು. ಕೆಟ್ಟದ್ದನ್ನು ಅನುಭವಿಸುವ ಒಬ್ಬ ವ್ಯಕ್ತಿ ಇಲ್ಲದೆ ಆ ವಾಕ್ಯ ನಿಲ್ಲುವುದೇ ಇಲ್ಲ. ಕಲಬುರಗಿ, ಬೀದರ್ ಕಡೆಯ ‘ಬಾನಾಮತಿ’ಯೂ ಹೀಗೇ. ವಿಕ್ಕಾದ ಮುಖ್ಯ ಕಟ್ಟಳೆಯೋ ‘ಯಾರಿಗೂ ಕೇಡಾಗದಿದ್ದರೆ ನಿನಗಿಷ್ಟ ಬಂದದ್ದು ಮಾಡು’ ಎಂಬುದು. ಇದಕ್ಕೆ ‘ಮಾಟ’ ಅಂದರೆ ಅರ್ಥ ತಲೆಕೆಳಗಾಗುತ್ತದೆ.

ಇನ್ನೂ ಒಂದು ತೊಡಕು. ಮಾಟಗಾತಿ ಎಂಬುದು ನಮ್ಮಲ್ಲಿ ಬೇರೆಯವರು ಹೊರಿಸುವ ಹೆಸರು. ತನ್ನನ್ನು ತಾನೇ ಯಾರೂ ಹಾಗೆ ಕರೆದುಕೊಳ್ಳುವುದಿಲ್ಲ. ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ 1692ರಲ್ಲಿ ಗಲ್ಲಿಗೇರಿಸಿದ 19 ಮಂದಿಯ ಬಗ್ಗೆ ಬರೆಯುವಾಗ ‘ಮಾಟ ಮಾಡಿದ ಆರೋಪ’ ಅನ್ನುವುದು ಸರಿಯೇ. ಆದರೆ ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ ತಮ್ಮನ್ನು ತಾವೇ ವಿಚ್ ಎಂದು ಕರೆದುಕೊಂಡು ‘ಬಿಲವೆಡ್ ವಿಚ್’ ಅಂತ ಆತ್ಮಕಥೆ ಬರೆದರು. ಅಲ್ಲಿ ‘ಮಾಟಗಾತಿ’ ಹೇಗೆ ಹೊಂದುತ್ತದೆ? ವಿಕ್ಕಾದಲ್ಲಿ ಗಂಡಸರೂ ತಮ್ಮನ್ನು ವಿಚ್ ಅಂತಲೇ ಕರೆದುಕೊಳ್ಳುತ್ತಾರೆ, ಮಾಟಗಾರ ಗಂಡಸಿಗೆ ಇಂಗ್ಲಿಷಿನಲ್ಲಿರುವ ‘ವಾರ್ಲಾಕ್’ ಎಂಬ ಪದದಿಂದ ಕರೆದರೆ ಬೇಸರ ಪಡುತ್ತಾರೆ. ಅದರ ಮೂಲ ಅರ್ಥ ಮಾತಿಗೆ ತಪ್ಪಿದವನು.

ಬೈಗುಳವನ್ನೇ ಎತ್ತಿಕೊಂಡು ಹೆಮ್ಮೆಯ ಹೆಸರು ಮಾಡಿಕೊಳ್ಳುವುದು ಅವರ ಉದ್ದೇಶ, ‘ಮಾಟಗಾತಿ’ಯನ್ನೂ ಹಾಗೇ ಎತ್ತಿಕೊಳ್ಳಬಹುದಲ್ಲ ಅಂತ ಕೆಲವರು ಕೇಳಬಹುದು. ನನಗೆ ಮನಸ್ಸು ಬರುವುದಿಲ್ಲ. ಆ ಹೆಸರು ಹೊರಿಸಿ ಬಡ ಹೆಂಗಸರನ್ನು ಹೊಡೆಯುವುದು ನಮ್ಮ ದೇಶದಲ್ಲಿ ನಿಂತಿಲ್ಲ. ಇದನ್ನು ತಡೆಯಲೆಂದೇ ಬಿಹಾರ 1999ರಲ್ಲಿ ಕಾಯ್ದೆ ತಂದಿತು. ಅಂಥ ಪದವನ್ನು ಪುಸ್ತಕ ಪರಿಚಯದಲ್ಲಿ ಸುಮ್ನೆ ಹಗುರವಾಗಿ ಆಡುವುದು ಬೇಡ.

‘ವಾಮಾಚಾರ’ವಂತೂ ಖಂಡಿತ ಬೇಡ. ಅದು ತಂತ್ರಮಾರ್ಗದ ಪದ, ಅದಕ್ಕೆ ಅದರದ್ದೇ ಶಾಸ್ತ್ರವಿದೆ. ನಿಂಬೆಹಣ್ಣು, ಕುಂಕುಮ ಕಂಡಲ್ಲೆಲ್ಲ ಟೀವಿಯವರು ವಾಮಾಚಾರ ಅನ್ನುತ್ತಾರೆ. ಜಾಸ್ತಿ ಜನ ಮೂಲ ಅರ್ಥ ಮರೆತಿದ್ದಾರೆ. ಇಂಗ್ಲೆಂಡಿನ ಒಂದು ಧರ್ಮವನ್ನೂ ಅದರೊಳಗೆ ತುರುಕುವುದು ಯಾಕೆ?

ಅದಕ್ಕೇ ‘ವಿಕ್ಕಾ’ವನ್ನು ಹಾಗೇ ಉಳಿಸಿಕೊಳ್ಳೋಣ ಅನ್ನುತ್ತೇನೆ, ಝೆನ್, ಸೂಫಿ ಉಳಿಸಿಕೊಂಡಂತೆ. ಹಳೆಯ ಇಂಗ್ಲಿಷಿನಲ್ಲಿ ‘ವಿಚ್ಚ’ ಎಂದು ಉಚ್ಚರಿಸುತ್ತಿದ್ದ ಪದ ಅದು. ಗಂಡಸಿಗೆ ಆ ರೂಪ, ಹೆಂಗಸಿಗೆ ‘ವಿಚ್ಚೆ’. ಗಾರ್ಡ್ನರ್ ತಮ್ಮ ಪುಸ್ತಕದಲ್ಲಿ ಅದನ್ನು ಒಂದೇ ‘ಸಿ’ ಹಾಕಿ ಬರೆದಿದ್ದರು. ಈಗಿನ ಉಚ್ಚಾರ ವಿಕ್ಕಾ. ಅನುಸರಿಸುವವರಿಗೆ ಅಮೆರಿಕನ್ನರು ಎಂಬಂತೆ ‘ವಿಕ್ಕನ್ನರು’ ಸಾಕು.

ಬಿಡಿ ಪದಗಳ ಕಥೆ ಬೇರೆ. ಅಲ್ಲಿ ಕನ್ನಡಕ್ಕೆ ಶಕ್ತಿ ಇದೆ. ಸ್ಕಾಟ್ ಕನ್ನಿಂಗ್‌ಹ್ಯಾಮ್ ಅವರು 1988ರಲ್ಲಿ, ಒಬ್ಬರೇ ಕುಳಿತು ಆಚರಿಸುವವರಿಗಾಗಿ ಬರೆದ ಕೈಪಿಡಿಯನ್ನು ನೋಡಿ. ಇಂಥ ಪುಸ್ತಕಗಳಲ್ಲಿ ಬರುವ ‘ಸ್ಪೆಲ್’ಗೆ ನಮ್ಮ ‘ಮಂತ್ರಿಸು’ ಚೆನ್ನಾಗಿ ಒಗ್ಗುತ್ತದೆ. ತಾಯಿತ ಮಂತ್ರಿಸಿ ಕೊಡುತ್ತಾರೆ, ಕಾಮಾಲೆಗೆ ಮಂತ್ರ ಹಾಕಿಸುತ್ತಾರೆ. ಇಲ್ಲಿ ಕೇಡಿನ ವಾಸನೆ ಇಲ್ಲ. ‘ಅಥಾಮೆ’ಯನ್ನು ಹಾಗೇ ಇಟ್ಟು, ಕಪ್ಪು ಹಿಡಿಯ, ಎರಡಲಗಿನ ಪೂಜೆಯ ಚೂರಿ ಎಂದು ಒಮ್ಮೆ ವಿವರಿಸಿದರೆ ಆಯಿತು.

‘ಬುಕ್ ಆಫ್ ಶ್ಯಾಡೋಸ್’ ಅಂದರೆ ಗುರುವಿನದನ್ನು ನೋಡಿ ಶಿಷ್ಯರು ಕೈಯಾರೆ ನಕಲು ಮಾಡಿಕೊಳ್ಳುವ ಆಚರಣೆಗಳ ಪುಸ್ತಕ. ಈ ಹೆಸರಿನ ಹಿಂದೆ ನಮ್ಮ ಕಡೆಯ ಒಂದು ಎಳೆ ಇದೆ. ಗಾರ್ಡ್ನರ್ ಅವರಿಂದ 1953ರಲ್ಲಿ ದೀಕ್ಷೆ ಪಡೆದು, ಆ ಆಚರಣೆಗಳ ಎಷ್ಟೋ ಭಾಗವನ್ನು ತಿದ್ದಿ ಬರೆದ ಡೊರೀನ್ ವ್ಯಾಲಿಯೆಂಟೆ ಇದನ್ನು ಹೇಳಿದ್ದಾರೆ. 1949ರ ‘ದಿ ಆಕಲ್ಟ್ ಅಬ್ಸರ್ವರ್’ ಪತ್ರಿಕೆಯಲ್ಲಿ ಮೀರ್ ಬಶೀರ್ ಎಂಬ ಹಸ್ತಸಾಮುದ್ರಿಕರು ಇದೇ ಹೆಸರಿನ ಲೇಖನ ಬರೆದಿದ್ದರಂತೆ. ಮನುಷ್ಯನ ನೆರಳಿನ ಅಳತೆಯಿಂದ ಭವಿಷ್ಯ ಹೇಳುವ ಸಂಸ್ಕೃತ ಗ್ರಂಥವೊಂದರ ಬಗ್ಗೆ ಆ ಲೇಖನ. ಅದರ ಎದುರು ಪುಟದಲ್ಲೇ ಗಾರ್ಡ್ನರ್ ಕಾದಂಬರಿಯ ಜಾಹೀರಾತು ಇತ್ತು, ಹೆಸರು ಅಲ್ಲಿಂದಲೇ ಬಂತು ಎಂಬುದು ವ್ಯಾಲಿಯೆಂಟೆ ಅವರ ಅಭಿಪ್ರಾಯ. ಹಾಗಾದರೆ ಕನ್ನಡದಲ್ಲಿ ‘ಛಾಯಾಗ್ರಂಥ’ ಅನ್ನಬಹುದು. ಆದರೆ ‘ಛಾಯಾ’ ಅಂದೊಡನೆ ಫೋಟೋ ನೆನಪಾಗುತ್ತದೆ. ನನಗೆ ‘ನೆರಳಿನ ಹೊತ್ತಗೆ’ ಹಿಡಿಸಿದೆ. ಕೈಬರಹದ ಪುಸ್ತಕ ಅಂತ ‘ಕಡತ’ ಅನ್ನೋಣ ಅಂದರೆ ಈಗ ಅದು ಕಚೇರಿಯ ಫೈಲು.

ಅಕ್ಟೋಬರ್ 31ರ ಹಬ್ಬದ ಹೆಸರನ್ನು ‘ಸಾವಿನ್’ ಅಂತ ಉಚ್ಚರಿಸುತ್ತಾರೆ. ಸತ್ತವರನ್ನು ನೆನೆಯುವ ಹಬ್ಬವೇ ಅದು. ಇದು ಬರೀ ಕಾಕತಾಳೀಯ, ಆದರೂ ಓದುಗರು ಕನ್ನಡದ ‘ಸಾವು’ ಎಂದೇ ತಿಳಿಯಬಹುದು. ‘ಸಾಮ್‌ಹೈನ್’ ಅಂತ ಅಕ್ಷರ ನೋಡಿ ಬರೆದರೆ ಉಚ್ಚಾರ ತಪ್ಪುತ್ತದೆ. ನಾನು ಉಚ್ಚಾರದ ಕಡೆಗೇ.

ಉಳಿದದ್ದು ‘ಕವನ್’, ಅಂದರೆ ಒಟ್ಟಿಗೆ ಸೇರಿ ಆಚರಿಸುವ ಗುಂಪು. ಹಾಗೇ ಬರೆದರೆ ಓದುಗರು ಕವನ ಅಂತಲೇ ಓದುತ್ತಾರೆ. ‘ಕೂಟ’ವೇ, ‘ಬಳಗ’ವೇ? ದೀಕ್ಷೆ ಪಡೆದವರಷ್ಟೇ ಒಳಗೆ ಬರಬಹುದು ಎಂಬ ಸೂಚನೆ ಎರಡರಲ್ಲೂ ಇಲ್ಲ. ಮಲೆನಾಡು, ಕರಾವಳಿ, ಕಲಬುರಗಿ ಕಡೆಯವರಲ್ಲಿ ಇನ್ನೊಂದು ಕೇಳಿಕೆ: ಗಿಡಮೂಲಿಕೆ, ಮಂತ್ರ ಬಲ್ಲ, ಊರವರು ನಂಬಿ ಹೋಗುವ ಹೆಂಗಸಿಗೋ ಗಂಡಸಿಗೋ ನಿಮ್ಮಲ್ಲಿ ಏನನ್ನುತ್ತಾರೆ? ಮಂತ್ರವಾದಿ, ನಾಟಿ ವೈದ್ಯ ಬಿಟ್ಟು ಬೇರೆ ಪದವಿದ್ದರೆ, ಅದನ್ನು ಆಡುವ ಒಂದು ವಾಕ್ಯದೊಂದಿಗೆ ಬರೆದು ತಿಳಿಸಿ.