ಹಿಡಿತ ಅಳೆಯುವ ಗ್ಲೌಸ್: ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಅಪ್ಪನಿಗೆ ಸ್ಟ್ರೋಕ್ ಆದ ಮೇಲೆ ಬಲಗೈ ಹಿಡಿತ ಕಮ್ಮಿಯಾಗಿದೆ. ಫಿಸಿಯೋಥೆರಪಿ ನಡೆಯುತ್ತಿದೆ. ಬೆರಳು ಎಷ್ಟು ಮಡಚುತ್ತದೆ, ಎಷ್ಟು ಗಟ್ಟಿಯಾಗಿ ಹಿಡಿಯುತ್ತಾರೆ ಅಂತ ಮನೆಯಲ್ಲೇ ನೋಡಲು ಸೆನ್ಸರ್ ಗ್ಲೌಸ್ ಮಾಡೋಣ ಅಂತಿದ್ದೇನೆ. ಆರ್ಡುಯಿನೊ (ಸೆನ್ಸರ್ ಜೋಡಿಸಿ ಪ್ರೋಗ್ರಾಂ ಮಾಡುವ ಚಿಕ್ಕ ಬೋರ್ಡ್) ಬಳಸಲು ಬರುತ್ತದೆ. ಅನುಭವ ಇದ್ದವರು ತಿಳಿಸಿ.

ಎಲೆಕ್ಟ್ರಾನಿಕ್ಸ್ ಕೆಲಸದವರು: ಮಡಚುವುದನ್ನು ಅಳೆಯಲು ಫ್ಲೆಕ್ಸ್ ಸೆನ್ಸರ್ ಅನ್ನುವ ಬಗ್ಗುವ ಪಟ್ಟಿ ಸಾಕು. ಬಗ್ಗಿದಷ್ಟೂ ಅದರ ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಏರುತ್ತದೆ. ಆದರೆ ಇಡೀ ಬೆರಳಿಗೆ ಒಂದೇ ಪಟ್ಟಿ ಹಾಕಿದರೆ ಯಾವ ಗೆಣ್ಣು ಬಗ್ಗಿತು ಅಂತ ಗೊತ್ತಾಗಲ್ಲ. ವೈರ್ ಸೇರುವ ಬುಡದಲ್ಲೇ ಅದು ಮುರಿಯೋದು, ಅಲ್ಲಿಗೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ ಬಿಗಿ ಮಾಡಿ. ಗ್ಲೌಸ್ ಹಾಕಿದಾಗಲೆಲ್ಲ ಕೈ ಬಿಚ್ಚಿಸಿ ಒಂದು ರೀಡಿಂಗ್, ಮಡಚಿಸಿ ಇನ್ನೊಂದು ತಗೊಳ್ಳಿ. ಸ್ವಲ್ಪ ಜಾರಿದರೂ ಲೆಕ್ಕ ಬದಲಾಗುತ್ತದೆ.

ಬಲದ ವಿಷಯ ತಲೆನೋವು. ಎಫ್‌ಎಸ್‌ಆರ್ ಅಂತ ತೆಳ್ಳನೆ ಸೆನ್ಸರ್ ಸಿಗುತ್ತದೆ, ಒತ್ತಿದರೆ ರೆಸಿಸ್ಟೆನ್ಸ್ ಇಳಿಯುತ್ತದೆ. ಒಂದೇ ಸಮ ಒತ್ತಿ ಹಿಡಿದರೂ ರೀಡಿಂಗ್ ಮೆಲ್ಲಗೆ ಸರಿಯುತ್ತಲೇ ಇರುತ್ತದೆ. ಲೋಟ ಹಿಡಿದಾಗ ಅರ್ಧ ಭಾರ ಸೆನ್ಸರ್ ಪಕ್ಕದ ಚರ್ಮದ ಮೇಲೆ ಹೋಗುತ್ತದೆ. ಸೆನ್ಸರ್ ಮೇಲೆ ಅದರ ವೃತ್ತಕ್ಕಿಂತ ಚಿಕ್ಕದಾದ ಗಟ್ಟಿ ಬಿಲ್ಲೆ ಅಂಟಿಸಿದರೆ ಪರವಾಗಿಲ್ಲ. ಆಮೇಲೆ ಗ್ಲೌಸ್ ಹಾಕಿದ ಬೆರಳಿಂದ ಅಡುಗೆಮನೆಯ ತೂಕದ ಯಂತ್ರ ಒತ್ತಿ, ಎಷ್ಟು ಗ್ರಾಂಗೆ ಎಷ್ಟು ರೀಡಿಂಗ್ ಅಂತ ಬರೆದುಕೊಳ್ಳಿ. ಇಷ್ಟೆಲ್ಲ ಮಾಡಿದರೂ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ ಅಷ್ಟೇ ಹೇಳಬಹುದು. ಅದನ್ನು ಕಿಲೋ ಅಂತ ನಂಬಬೇಡಿ.

ಫಿಸಿಯೋಥೆರಪಿಸ್ಟ್: ಕಿಲೋ ಬೇಕಿದ್ದರೆ ಡೈನಮೋಮೀಟರ್ (ಹಿಡಿಕೆ ಹಿಸುಕಿದಾಗ ಕೈಯ ಬಲ ತೋರಿಸುವ ಉಪಕರಣ) ತಗೊಳ್ಳಿ. ಕುರ್ಚಿಯಲ್ಲಿ ಕೂರಿಸಿ, ಮೊಣಕೈ 90 ಡಿಗ್ರಿ ಮಡಚಿಸಿ, ಮೂರು ಸಲ ಹಿಸುಕಿಸಿ ಸರಾಸರಿ ತೆಗೆಯಿರಿ. ಹಿಡಿಕೆ ಪ್ರತಿ ಸಲವೂ ಒಂದೇ ಅಗಲದಲ್ಲಿರಲಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗಂಡಸರಿಗೆ 28, ಹೆಂಗಸರಿಗೆ 18 ಕಿಲೋಗಿಂತ ಕಮ್ಮಿ ಇದ್ದರೆ ದುರ್ಬಲ ಹಿಡಿತ ಅಂದಿದೆ. ಅದು ವಯಸ್ಸಿನಿಂದ ಸ್ನಾಯು ಸೊರಗುವುದನ್ನು ಗುರುತಿಸಲು ಇಟ್ಟ ಅಳತೆ. ನಿಮ್ಮ ತಂದೆಯವರ ಕೈಯನ್ನು ಅದಕ್ಕೆ ಹೋಲಿಸಬೇಡಿ, ಅವರದೇ ಹೋದ ತಿಂಗಳ ಅಳತೆಗೆ ಹೋಲಿಸಿ.

ಇನ್ನೊಂದು ಮಾತು. ಸ್ಟ್ರೋಕ್ ಆದವರಲ್ಲಿ ಎಷ್ಟೋ ಜನಕ್ಕೆ ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟ. "ಬಿಡಿ" ಅಂದ ಮೇಲೆ ಬೆರಳು ಬಿಚ್ಚಲು ಎಷ್ಟು ಹೊತ್ತು ಬೇಕಾಯ್ತು ಅಂತ ಫ್ಲೆಕ್ಸ್ ಸೆನ್ಸರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ನನಗೆ ಆ ಗ್ರಾಫ್ ತಂದು ತೋರಿಸಿದರೆ ಬಲದ ಅಂಕಿಗಿಂತ ಜಾಸ್ತಿ ಉಪಯೋಗ. ಸುಮ್ನೆ ಮತ್ತೆ ಮತ್ತೆ ಜೋರಾಗಿ ಹಿಸುಕಿಸಬೇಡಿ.

ಅತ್ತೆಯನ್ನು ನೋಡಿಕೊಂಡವರು: ನಮ್ಮಲ್ಲಿ ಸೆನ್ಸರ್‌ಗಿಂತ ಗ್ಲೌಸ್ ಹಾಕಿಸುವುದೇ ದೊಡ್ಡ ಕೆಲಸ ಆಗಿತ್ತು. ಮುದುಡಿದ ಬೆರಳುಗಳನ್ನು ಒಂದೊಂದಾಗಿ ತೂರಿಸುವಷ್ಟರಲ್ಲಿ ಅವರಿಗೂ ಸಾಕು, ನನಗೂ ಸಾಕು. ಕೊನೆಗೆ ಗ್ಲೌಸ್ ಬಿಟ್ಟು, ತೋರುಬೆರಳು ಮತ್ತು ಹೆಬ್ಬೆರಳಿಗೆ ವೆಲ್ಕ್ರೋ ಪಟ್ಟಿಯಲ್ಲೇ ಸೆನ್ಸರ್ ಕಟ್ಟಿದೆವು. ತೆಗೆದ ಮೇಲೆ ಚರ್ಮದ ಮೇಲೆ ಗುರುತು ಬಿದ್ದಿದೆಯಾ ನೋಡಿ. ಸ್ಪರ್ಶ ಕಮ್ಮಿ ಇದ್ದರೆ ಒತ್ತಿದ್ದು ಅವರಿಗೆ ಗೊತ್ತೇ ಆಗಲ್ಲ. ಅಂದಹಾಗೆ, ನಿಮ್ಮ ತಂದೆಯವರ ಬೆರಳು ಈಗ ತಾನಾಗಿ ಬಿಚ್ಚುತ್ತದೆಯಾ, ಇಲ್ಲ ಎಡಗೈಯಿಂದ ಬಿಡಿಸಿಕೊಳ್ಳಬೇಕಾ? ಅದನ್ನು ಹೇಳಿದರೆ ಪಟ್ಟಿ ಎಲ್ಲಿ ಕಟ್ಟಬೇಕು ಅಂತ ಹೇಳಬಹುದು.