ರೋಮ್ ಸರಣಿ ಅರ್ಧಕ್ಕೇ ನಿಂತಿದೆ ಅಂತ ಅಪ್ಪನಿಗೆ ಹೇಗೆ ಹೇಳಲಿ?

ಕೇಳಿದವರು, ವಿರಾಜಪೇಟೆ ಕಡೆಯಿಂದ

ಅಪ್ಪನಿಗೆ 78 ವರ್ಷ. ಸೇನೆಯಲ್ಲಿದ್ದು ನಿವೃತ್ತರಾದವರು. ಈ ಸಲ ಕಕ್ಕಡ ತಿಂಗಳಲ್ಲಿ ಮಳೆ ಬಿಡಲೇ ಇಲ್ಲ. ತೋಟಕ್ಕೆ ಇಳಿಯುವ ಹಾಗಿಲ್ಲ, ಡಿಶ್‌ನಲ್ಲಿ ಸಿಗ್ನಲ್ ಇಲ್ಲ. ಅದಕ್ಕೇ ತಮ್ಮ ಬಿಟ್ಟುಹೋಗಿದ್ದ ಹಳೆಯ ಡಿವಿಡಿ ಸೆಟ್ ತೆಗೆದೆ. ‘ರೋಮ್’ ಅಂತ ಇಂಗ್ಲಿಷ್ ಸರಣಿ, ಸೀಸರ್ ಕಾಲದ ಇಬ್ಬರು ಸಿಪಾಯಿಗಳ ಕತೆ. ಊಟ ಮುಗಿಸಿ ಅಪ್ಪ ಕಂಬಳಿ ಹೊದ್ದು ಕೂರುತ್ತಿದ್ದರು. ನಾನು ಆಗಾಗ ನಿಲ್ಲಿಸಿ ಮಾತಿನ ಅರ್ಥ ಹೇಳುತ್ತಿದ್ದೆ. ಅಪ್ಪನ ಜೊತೆ ಕೂತು ನೋಡಲಾಗದ ದೃಶ್ಯಗಳೂ ಅದರಲ್ಲಿ ಜಾಸ್ತಿ ಇವೆ, ಅವು ಬಂದಾಗ ರಿಮೋಟ್ ಒತ್ತಿ ಮುಂದೆ ಓಡಿಸಿದೆ.

22 ಕಂತು ಮುಗಿದವು. ಕೊನೆಯಲ್ಲಿ ಪುಲ್ಲೊ ಅನ್ನುವ ಸಿಪಾಯಿ ತಾನು ಕಾಪಾಡಿದ ಹುಡುಗನ ಜೊತೆ ನಡೆದು ಹೋಗುತ್ತಾನೆ. ನಿನ್ನ ಅಪ್ಪನ ವಿಷಯ ಹೇಳಬೇಕು ಅಂತ ಬಾಯಿ ತೆಗೆಯುತ್ತಾನೆ. ಅಷ್ಟೇ. ಅಪ್ಪ ದಿನಾ ಕೇಳುತ್ತಾರೆ, “ಆಮೇಲೆ ಏನು ಹೇಳಿದ? ಮುಂದಿನ ಡಿಸ್ಕ್ ಯಾವಾಗ ಬರುತ್ತೆ?” ಮುಂದಿನದು ಇಲ್ಲವೇ ಇಲ್ಲ, ಚಾನಲ್‌ನವರು ಅಲ್ಲಿಗೇ ನಿಲ್ಲಿಸಿದ್ದಾರೆ. ನನಗೇ ಸಹಿಸಲು ಆಗುತ್ತಿಲ್ಲ, ಅವರಿಗೆ ಹೇಗೆ ಹೇಳಲಿ? ಇಂಥದ್ದು ಅನುಭವಿಸಿದವರು ದಯವಿಟ್ಟು ತಿಳಿಸಿ.

ಮಡಿಕೇರಿಯಿಂದ

ಅಣ್ಣ, ಯಾಕೆ ನಿಂತಿತು ಅಂತ ಗೊತ್ತಿದ್ದರೆ ಹೇಳುವುದು ಸ್ವಲ್ಪ ಸುಲಭ. ಅಮೆರಿಕದ ಎಚ್‌ಬಿಒ ಚಾನಲ್ ಮತ್ತು ಬ್ರಿಟನ್ನಿನ ಬಿಬಿಸಿ ಸೇರಿ ಮಾಡಿದ್ದು ಅದು. ಇಟಲಿಯ ಚಿನೆಚಿತ್ತಾ ಸ್ಟುಡಿಯೋದಲ್ಲಿ ಹಳೆಯ ರೋಮ್‌ನ ಬೀದಿಗಳನ್ನೇ ಕಟ್ಟಿದ್ದರು. ಮೊದಲ ಸೀಸನ್‌ನ 12 ಕಂತಿಗೇ ಸುಮಾರು 10 ಕೋಟಿ ಡಾಲರ್ ಆಯಿತು. ಆ ಖರ್ಚೇ ಮುಳುವಾಯಿತು. 2005ರಲ್ಲಿ ಶುರುವಾಗಿದ್ದು 2007ರ ಮಾರ್ಚ್‌ನಲ್ಲಿ ಮುಗಿಯಿತು. ಅದೇ ಆಗಸ್ಟ್‌ನಲ್ಲಿ ಸ್ಟುಡಿಯೋಗೆ ಬೆಂಕಿ ಬಿದ್ದು ಸೆಟ್‌ನ ಒಂದು ಭಾಗವೂ ಸುಟ್ಟುಹೋಯಿತು.

ನನಗೆ ಸಂಕಟ ಆಗುವುದು ಇದಕ್ಕೆ: ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಬ್ರೂನೊ ಹೆಲ್ಲರ್‌ಗೆ ಸರಣಿ ನಿಲ್ಲುವ ವಿಷಯ ಗೊತ್ತಾಗಿದ್ದು ಎರಡನೇ ಸೀಸನ್ ಅರ್ಧ ಬರೆದ ಮೇಲೆ. ಆ ಸೀಸನ್ ಸೀಸರ್‌ನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಸಾವಿಗೆ ಮುಗಿಯಬೇಕಿತ್ತಂತೆ. ಮೂರು, ನಾಲ್ಕನೇ ಸೀಸನ್ ಪೂರ್ತಿ ಈಜಿಪ್ಟ್‌ನಲ್ಲಿ. ಐದನೆಯದು ಪ್ಯಾಲೆಸ್ತೀನ್‌ನಲ್ಲಿ, ಮೆಸ್ಸೀಯ, ಅಂದರೆ ಲೋಕರಕ್ಷಕ ಬರುವ ಕಾಲ. ಈಗ ನೋಡಿ, ಬ್ರೂಟಸ್ ಎರಡನೇ ಸೀಸನ್‌ನ ಆರನೇ ಕಂತಿನಲ್ಲೇ ಸಾಯುತ್ತಾನೆ. ಎರಡು ಸೀಸನ್‌ನ ಈಜಿಪ್ಟ್ ಕತೆಯನ್ನು ಉಳಿದ ನಾಲ್ಕು ಕಂತಿಗೆ ತುರುಕಿದ್ದಾರೆ. ಆಳು ಸಿಗುವುದಿಲ್ಲ ಅಂತ ಹಣ್ಣು, ಕಾಯಿ ಎಲ್ಲ ಒಟ್ಟಿಗೆ ಕಿತ್ತ ಕಾಫಿ ಗಿಡದ ಹಾಗೆ. ಮುಂದೆ ಏನು ಮಾಡಬೇಕು ಅಂತಿದ್ದರು ಅನ್ನುವುದನ್ನು ನಿಮ್ಮ ಅಪ್ಪನಿಗೆ ಹೇಳಿ. ಅವರಿಗೆ ಅಷ್ಟಾದರೂ ಸಿಗಲಿ.

ಗೋಣಿಕೊಪ್ಪದಿಂದ

ಅಣ್ಣ, ದಯವಿಟ್ಟು ಸುಳ್ಳು ಹೇಳಬೇಡಿ. ನಾನು ಹೇಳಿ ತಪ್ಪು ಮಾಡಿದ್ದೇನೆ. ಅಮ್ಮ ನಾಲ್ಕು ವರ್ಷ ಒಂದು ಕನ್ನಡ ಧಾರಾವಾಹಿ ಬಿಡದೆ ನೋಡಿದರು. ಸಂಜೆ ಏಳಕ್ಕೆ ಮೊರದಲ್ಲಿ ಕರಿಮೆಣಸು ಹಾಕಿಕೊಂಡು ಟಿವಿ ಮುಂದೆ ಕೂರುವುದು, ಕೈ ಕಡ್ಡಿ ಆರಿಸುವುದು, ಕಣ್ಣು ಮಾತ್ರ ಮೇಲೆ. ಒಂದು ಸೋಮವಾರ ಆ ಹೊತ್ತಿಗೆ ಬೇರೆ ಏನೋ ಬಂತು. ಕೇಬಲ್ ತೊಂದರೆ, ಮುಂದಿನ ವಾರ ಸರಿಹೋಗುತ್ತೆ ಅಂದುಬಿಟ್ಟೆ. ಅಮ್ಮ ಒಂದು ತಿಂಗಳು ಏಳು ಗಂಟೆಗೆ ಮೊರ ಹಿಡಿದು ಬಂದು ಕೂತರು. ಕೊನೆಗೆ ಮದುವೆ ಮನೆಯಲ್ಲಿ ಯಾರೋ ಹೇಳಿದರು. ಮನೆಗೆ ಬಂದು ಒಂದೇ ಮಾತು: “ಕತೆ ಹೋದರೆ ಹೋಗಲಿ. ನೀನು ನನ್ನನ್ನು ಚಿಕ್ಕ ಮಗು ಮಾಡಿದೆಯಲ್ಲ.” ಈಗಲೂ ಆ ಮೊರ ನೋಡಿದರೆ ನನಗೆ ಅದೇ ನೆನಪಾಗುತ್ತೆ. ನಿಮ್ಮ ಅಪ್ಪ ಸೇನೆಯಲ್ಲಿದ್ದವರು. ನೇರವಾಗಿ ಹೇಳಿ.

ಸೋಮವಾರಪೇಟೆಯಿಂದ

ಸುಮ್ನೆ ಬಿಡಬಾರದು, ಚಾನಲ್‌ಗೆ ಬರೆಯಬೇಕು ಅಂತ ಅನ್ನಿಸುತ್ತೆ ಅಲ್ವಾ? ನಾನೂ ಒಮ್ಮೆ ಬರೆದಿದ್ದೆ, ಬೇರೆ ಸರಣಿಗೆ. ಉತ್ತರ ಬರಲಿಲ್ಲ. ಜನ ಕೂಗಿದ್ದಕ್ಕೆ ವಾಪಸ್ ಬಂದದ್ದೂ ಉಂಟು. 2007ರಲ್ಲಿ ಅಮೆರಿಕದಲ್ಲಿ ‘ಜೆರಿಕೊ’ ಸರಣಿ ನಿಲ್ಲಿಸಿದಾಗ ನೋಡುಗರು ಸಿಬಿಎಸ್ ಚಾನಲ್‌ನ ಕಚೇರಿಗಳಿಗೆ ಸುಮಾರು 20 ಟನ್ ಕಡಲೆಕಾಯಿ ಕಳಿಸಿದರು. ಏಳು ಕಂತು ಸಿಕ್ಕಿತು, ಆಮೇಲೆ ಮತ್ತೆ ನಿಂತಿತು. ಎಚ್‌ಬಿಒದ್ದೇ ‘ಡೆಡ್‌ವುಡ್’ 2006ರಲ್ಲಿ ಮೂರು ಸೀಸನ್‌ಗೆ ನಿಂತು, 13 ವರ್ಷ ಆದ ಮೇಲೆ 2019ರಲ್ಲಿ ಒಂದು ಸಿನಿಮಾ ಆಗಿ ಮುಗಿಯಿತು.

ಆದರೆ ರೋಮ್ ವಿಷಯದಲ್ಲಿ ಅಪ್ಪನಿಗೆ ಆಸೆ ಹುಟ್ಟಿಸಬೇಡಿ. ಪುಲ್ಲೊ ಪಾತ್ರ ಮಾಡಿದ ರೇ ಸ್ಟೀವನ್‌ಸನ್ 2023ರ ಮೇ ತಿಂಗಳಲ್ಲಿ ತೀರಿಕೊಂಡರು. ‘ಆರ್‌ಆರ್‌ಆರ್’ ಸಿನಿಮಾದ ಆ ಬ್ರಿಟಿಷ್ ಗವರ್ನರ್ ಅವರೇ. ಅಪ್ಪ ಅದನ್ನು ನೋಡಿದ್ದರೆ ಮುಖ ಗುರುತು ಹಿಡಿಯುತ್ತಾರೆ.

ನಾಪೋಕ್ಲಿನಿಂದ

ಡಿಸ್ಕ್ ಜೋಪಾನ ಮಾಡಿ. 2022ರಲ್ಲಿ ‘ವೆಸ್ಟ್‌ವರ್ಲ್ಡ್’ ಸರಣಿ ರದ್ದು ಮಾಡಿದ ಮೇಲೆ ಎಚ್‌ಬಿಒ ಮ್ಯಾಕ್ಸ್ ಅನ್ನುವ ತಮ್ಮದೇ ಆನ್‌ಲೈನ್ ಸೇವೆಯಿಂದಲೇ ತೆಗೆದುಹಾಕಿದರು. ನಮ್ಮ ದೇಶದಲ್ಲಂತೂ ಎಚ್‌ಬಿಒ ಚಾನಲ್ಲೇ 2020ರ ಡಿಸೆಂಬರ್‌ಗೆ ನಿಂತಿತು. ಮನೆಯಲ್ಲಿ ಇದ್ದದ್ದು ಮಾತ್ರ ನಮ್ಮದು. ಇನ್ನು ಮುಂದೆ ಅಪ್ಪನಿಗೆ ಹೊಸದು ತೋರಿಸುವ ಮೊದಲು ಅದು ಪೂರ್ತಿ ಮುಗಿದ ಕತೆಯಾ ಅಂತ ನೋಡಿಕೊಳ್ಳಿ. ಒಂದೇ ಸರಣಿಗೋಸ್ಕರ ಆನ್‌ಲೈನ್ ಸೇವೆಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ, ತಿಂಗಳ ಲೆಕ್ಕ ಸಾಕು.

ಪೊನ್ನಂಪೇಟೆಯಿಂದ

ನಾನು ಇತಿಹಾಸ ಪಾಠ ಮಾಡುತ್ತಿದ್ದವನು. ನಿಮ್ಮ ಅಪ್ಪನಿಗೆ ಇದನ್ನು ಹೇಳಲೇಬೇಕು. ಸರಣಿಯ ಆ ಇಬ್ಬರು ಸಿಪಾಯಿಗಳ ಹೆಸರು ಕಟ್ಟುಕತೆಯಲ್ಲ. ಸೀಸರ್ ತಾನೇ ಬರೆದ ಗಾಲ್ (ಈಗಿನ ಫ್ರಾನ್ಸ್ ಕಡೆ) ಯುದ್ಧದ ಪುಸ್ತಕದಲ್ಲಿ, ಐದನೇ ಭಾಗದಲ್ಲಿ, ಪುಲ್ಲೊ ಮತ್ತು ವೊರೆನಸ್ ಬರುತ್ತಾರೆ. ಅಲ್ಲಿ ಇಬ್ಬರೂ ಶತಾಧಿಪತಿಗಳು, ಬಡ್ತಿಗಾಗಿ ಪ್ರತಿ ವರ್ಷವೂ ಪೈಪೋಟಿ. ಶತ್ರುಗಳು ಶಿಬಿರಕ್ಕೆ ಮುತ್ತಿಗೆ ಹಾಕಿದಾಗ ಪುಲ್ಲೊ ಕೋಟೆಯಿಂದ ಹೊರಗೆ ನುಗ್ಗುತ್ತಾನೆ. ಈಟಿಯೊಂದು ಗುರಾಣಿ ತೂರಿ ನಡುಪಟ್ಟಿಗೆ ನಾಟುತ್ತೆ, ಕತ್ತಿ ಎಳೆಯಲು ಆಗುವುದಿಲ್ಲ. ಅವನನ್ನು ಬಿಡಿಸುವುದು ಅದೇ ವೊರೆನಸ್. ಆಮೇಲೆ ವೊರೆನಸ್ ಗುಂಡಿಗೆ ಎಡವಿ ಬೀಳುತ್ತಾನೆ, ಆಗ ಪುಲ್ಲೊ ಬಂದು ಕಾಪಾಡುತ್ತಾನೆ. ಇಬ್ಬರಲ್ಲಿ ಯಾರು ಹೆಚ್ಚು ಶೂರ ಅಂತ ಹೇಳಲು ಬರಲಿಲ್ಲ ಅಂತ ಸೀಸರ್ ಬರೆಯುತ್ತಾನೆ. ಎರಡು ಸಾವಿರ ವರ್ಷದ ಹಿಂದಿನ ಮಾತು. ಅದನ್ನು ಯಾವ ಚಾನಲ್ಲೂ ನಿಲ್ಲಿಸಲು ಆಗುವುದಿಲ್ಲ.

ಕೇಳಿದವರು ಮತ್ತೆ, ಮೂರು ದಿನದ ನಂತರ

ಹೇಳಿದೆ. ನಿನ್ನೆ ಸಂಜೆ ಕರೆಂಟ್ ಹೋದಾಗ, ಅಡುಗೆಮನೆಯಲ್ಲಿ ಒಲೆ ಹತ್ತಿರ ಕೂತು. ಖರ್ಚು, ಬೆಂಕಿ, ಈಜಿಪ್ಟ್ ಎಲ್ಲ ಹೇಳಿದೆ. ಅಪ್ಪ ಮಾತಾಡಲಿಲ್ಲ. ಪುಲ್ಲೊ ತೀರಿಹೋದ ಅಂದಾಗ ಲೋಟ ಕೆಳಗಿಟ್ಟು, “ಎಷ್ಟು ವಯಸ್ಸು?” ಅಂತ ಕೇಳಿದರು. 58 ಅಂದೆ. ಆಮೇಲೆ ಪೊನ್ನಂಪೇಟೆಯ ಮೇಷ್ಟ್ರು ಬರೆದದ್ದನ್ನು ಫೋನಿನ ಬೆಳಕಿನಲ್ಲಿ ಓದಿದೆ. ಗುಂಡಿಗೆ ಬಿದ್ದ ಜಾಗಕ್ಕೆ ಬಂದಾಗ ಮತ್ತೊಮ್ಮೆ ಓದು ಅಂದರು. ಓದಿದೆ. ನಂತರ ತಾವೇ ಶುರು ಮಾಡಿದರು, ತಮ್ಮ ಪಲ್ಟನ್‌ನಲ್ಲಿ ಒಬ್ಬ ಗೆಳೆಯನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ ವಿಷಯ. ನಾನು ಇದುವರೆಗೆ ಕೇಳಿರಲಿಲ್ಲ.

ಕರೆಂಟ್ ಬಂದ ಮೇಲೆ ಮೊದಲ ಕಂತು ಹಾಕು ಅಂದರು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡನೇ ಡಿಸ್ಕ್ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಿದೆ. ಪ್ಲೇಯರ್ ರಿಪೇರಿ ಮಾಡುವವರು ವಿರಾಜಪೇಟೆಯಲ್ಲಿ ಈಗಲೂ ಯಾರಾದರೂ ಇದ್ದಾರಾ?