'ಮಾಸ್ಕಿಂಗ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಆಟಿಸಂ (ಜನರೊಡನೆ ಬೆರೆಯುವ, ಸುತ್ತಲನ್ನು ಗ್ರಹಿಸುವ ರೀತಿಯೇ ಬೇರೆಯಾಗಿರುವುದು) ಮತ್ತು ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿಚಟುವಟಿಕೆ) ಇರುವ ಹೆಣ್ಣುಮಕ್ಕಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. 'ಮಾಸ್ಕಿಂಗ್' ಎಂಬ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮಾಸ್ಕಿಂಗ್ ಅಂದರೆ ತನ್ನ ಸಹಜ ರೀತಿಯನ್ನು ಅಡಗಿಸಿ ಬೇರೆಯವರಂತೆ ನಡೆದುಕೊಳ್ಳುವುದು. ಕೈ ಆಡಿಸಬೇಕು ಅನ್ನಿಸಿದರೂ ತಡೆದುಕೊಳ್ಳುವುದು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಹಿಂಸೆಯಾದರೂ ನೋಡುವುದು. ಗೆಳತಿ ಯಾವಾಗ ನಗುತ್ತಾಳೆ ಎಂದು ಗಮನಿಸಿ ತಾನೂ ಆಗಲೇ ನಗುವುದು. ಮನೆಗೆ ಬಂದ ಮೇಲೆ ಸುಸ್ತಾಗಿ ಬಿದ್ದುಕೊಳ್ಳುವುದು. ಇದು ಗಂಡಸರಲ್ಲೂ ಇದೆ, ಹೆಂಗಸರಲ್ಲಿ ಜಾಸ್ತಿ.

ಮೊದಲು ಹೊಳೆದದ್ದು 'ಮುಖವಾಡ'. ಆದರೆ ಕನ್ನಡದಲ್ಲಿ ಮುಖವಾಡ ಕಳಚಿಬೀಳುವುದು ಮೋಸಗಾರನದು. 'ಸೋಗು', 'ನಟನೆ' ಇನ್ನೂ ಕೆಟ್ಟವು. 'ಮರೆಮಾಚು' ಅಂದರೆ ತಪ್ಪನ್ನು ಮುಚ್ಚಿಟ್ಟಂತೆ. 'ನಿನಗೇನೂ ಇಲ್ಲ, ಸುಮ್ನೆ ಹೇಳ್ತೀಯ' ಎಂದು ವರ್ಷಗಟ್ಟಲೆ ಕೇಳಿಸಿಕೊಂಡವಳಿಗೆ ನಮ್ಮ ಪದವೂ ಅದನ್ನೇ ಹೇಳುವುದು ಬೇಡ.

'ಹೊಂದಿಕೊಂಡು ಹೋಗುವುದು' ಅರ್ಥಕ್ಕೆ ಹತ್ತಿರವಿದೆ. ಆದರೆ 'ಹೊಂದಿಕೊಂಡು ಹೋಗುವ ಹುಡುಗಿ' ಎಂಬುದು ಹೊಗಳಿಕೆ. ಆ ಹೊಗಳಿಕೆಯಲ್ಲಿ ಅವಳ ಶ್ರಮ ಕಾಣುವುದೇ ಇಲ್ಲ. ನಮ್ಮ ಪದಗಳೇ ಹೀಗೆ ನೋಡಿ. ಚಡಪಡಿಸುವ ಹುಡುಗ 'ತುಂಟ', ಹುಡುಗಿಯಾದರೆ 'ಗಂಡುಬೀರಿ'. ಸುಮ್ಮನೆ ಕೂತು ಎಲ್ಲೋ ಕಳೆದುಹೋದವಳು 'ಮಂಕು', ಇಲ್ಲವೇ 'ನಾಚಿಕೆ ಸ್ವಭಾವ'. 'ಅತಿಚಟುವಟಿಕೆಯ ಮಗು' ಅಂದಾಗ ಕಣ್ಣ ಮುಂದೆ ಬರುವುದು ಕುರ್ಚಿ ಹತ್ತಿ ಹಾರುವ ಹುಡುಗನೇ, ಅಲ್ವಾ? ಕೂತಲ್ಲೇ ಗಮನ ಜಾರುವ ಹುಡುಗಿಗೆ ಆ ಹೆಸರಿನಲ್ಲಿ ಜಾಗವಿಲ್ಲ.

ಆಟಿಸಂನಲ್ಲೂ ಹುಡುಗನದೇ ಚಿತ್ರ, ಅದೂ ಹಳೆಯದು. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆಯುತ್ತಾ ವಿವರಿಸಿದ 11 ಮಕ್ಕಳಲ್ಲಿ 8 ಹುಡುಗರು. ಮರುವರ್ಷ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ವಿವರವಾಗಿ ಬರೆದ ನಾಲ್ವರೂ ಹುಡುಗರೇ. ನಾಲ್ವರು ಹುಡುಗರಿಗೆ ಒಬ್ಬ ಹುಡುಗಿ ಎಂಬ ಲೆಕ್ಕ ಬಹಳ ಕಾಲ ನಡೆಯಿತು. 2017ರಲ್ಲಿ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದು ಮೂವರಿಗೆ ಒಬ್ಬಳು ಎಂಬುದರ ಹತ್ತಿರ ಬಂತು. ಆಟಿಸಂ ಇದ್ದರೂ ಗುರುತಿಗೆ ಸಿಗದ ಹುಡುಗಿಯರು ಇದ್ದಾರೆ ಎಂಬುದೂ ಕಂಡಿತು.

ಸದ್ಯಕ್ಕೆ ನನ್ನ ಮನಸ್ಸು 'ತೋರಗೊಡದಿರುವುದು' ಎಂಬುದರ ಕಡೆಗಿದೆ. 'ನೋವನ್ನು ತೋರಗೊಡದೆ ಓಡಾಡಿದಳು' ಅನ್ನುತ್ತೇವೆ. ಅಲ್ಲಿ ಕಷ್ಟ ಇದೆ, ಮೋಸ ಇಲ್ಲ. ಆದರೆ ಅಡಗಿಸುವ ಅರ್ಧ ಮಾತ್ರ ಬಂತು. ಬೇರೆಯವರನ್ನು ನೋಡಿ ಹಾಗೆಯೇ ಮಾಡುವ ಅರ್ಧ ಬರಲಿಲ್ಲ. ಎರಡನ್ನೂ ಹಿಡಿಯುವ ಕ್ರಿಯಾಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ? ಸಿಗದಿದ್ದರೆ 'ಮಾಸ್ಕಿಂಗ್' ಎಂದೇ ಉಳಿಸಿಕೊಳ್ಳುತ್ತೇನೆ. 'ಸೋಗು' ಅಂತೂ ಬರೆಯಲಾರೆ.